ಮನೆಯಲ್ಲಿ ಕಾಯಿಸಿದ ಎಣ್ಣೆ, ಮುಲಾಮು, ಲೇಪ ಕೆಟ್ಟರೆ ತಪ್ಪು ಎಲ್ಲಿ ಅಂತ ಹುಡುಕುವುದು ಹೇಗೆ

ಕಳೆದ ಜೂನ್‌ನಲ್ಲಿ ಅಕ್ಕನ ಮಗುವಿಗೆಂದು ಕೇಪಳ ಹೂವಿನ ಎಣ್ಣೆ ಕಾಯಿಸಿದ್ದೆ. ಗಾಣದ ತೆಂಗಿನೆಣ್ಣೆ, ನಮ್ಮದೇ ಅಂಗಳದ ಹೂವು, ಅರ್ಧ ದಿನದ ಕೆಲಸ. ಮೂರು ವಾರ ಆಗಿಲ್ಲ, ಮುಚ್ಚಳ ತೆಗೆದರೆ ಮುಗ್ಗಲು ವಾಸನೆ. ಮುಚ್ಚಳದ ಒಳಗಡೆ ಸುತ್ತಲೂ ಬೂದು ಬಣ್ಣದ ಬೂಸ್ಟು, ಹತ್ತಿ ಎಳೆದು ಅಂಟಿಸಿದ ಹಾಗೆ. ಅಷ್ಟನ್ನೂ ಚೆಲ್ಲಬೇಕಾಯಿತು, ತುಂಬಾ ಬೇಸರವಾಯಿತು. ಅಜ್ಜಿ ಇದ್ದಾಗ ಇದೇ ಎಣ್ಣೆ ವರ್ಷವಿಡೀ ಕೆಡುತ್ತಿರಲಿಲ್ಲ. ಅದೇ ಗಿಡ, ಅದೇ ಎಣ್ಣೆ. ಹಾಗಾದರೆ ನಾನು ಎಲ್ಲಿ ತಪ್ಪಿದೆ?

ಅವತ್ತಿನಿಂದ ಏನೇ ಕೆಟ್ಟರೂ ಹಿಂದಕ್ಕೆ ಹೋಗಿ ಹುಡುಕುವ ಅಭ್ಯಾಸ ಮಾಡಿಕೊಂಡೆ. ಹೆಚ್ಚಿನ ಸಲ ಸಿಕ್ಕಿದ್ದು ಒಂದೇ ಕಾರಣ: ನೀರು. ಸೊಪ್ಪಿನೊಳಗಿನ ನೀರು, ಪಾತ್ರೆಯ ನೀರು, ಮುಚ್ಚಳದಡಿಯ ಹಬೆ, ಒದ್ದೆ ಬೆರಳು. ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ನಮ್ಮ ಕರಾವಳಿಯ ಊರಲ್ಲಿ, ಬಟ್ಟೆ ಒಣಗಲು ಮೂರು ದಿನ ಬೇಕಾಗುವ ಕಡೆ, ಎಣ್ಣೆಯಿಂದ ನೀರನ್ನು ದೂರ ಇಡುವುದೇ ಅರ್ಧ ಕೆಲಸ. ಹಾಗಾಗಿ ಸೊಪ್ಪು ಸರಿ ಇಲ್ಲ, ಎಣ್ಣೆ ಕಲಬೆರಕೆ ಅಂತ ದೂರುವ ಮೊದಲು ನೀರನ್ನು ಹುಡುಕಿ.

ಮೊದಲು ಮೂಗಿಗೆ ಹಿಡಿಯಿರಿ

ನಾಲ್ಕು ಬಗೆಯ ಕೆಟ್ಟ ವಾಸನೆ ಉಂಟು. ನಾಲ್ಕಕ್ಕೂ ಕಾರಣ ಬೇರೆ ಬೇರೆ.

ಮುಗ್ಗಲು ವಾಸನೆ ಬಂದರೆ ಬೂಸ್ಟು. ಕಣ್ಣಿಗೆ ಕಾಣದಿದ್ದರೂ ಇದೆ ಅಂತಲೇ ತಿಳಿಯಿರಿ. ಬೂಸ್ಟಿಗೆ ಬರೀ ಎಣ್ಣೆ ಸಾಲದು, ನೀರು ಬೇಕೇ ಬೇಕು. ಕೆಲವೊಮ್ಮೆ ತಪ್ಪು ನಿಮ್ಮದಲ್ಲ, ಸರಿಯಾಗಿ ಒಣಗದ ಕೊಬ್ಬರಿಯನ್ನು ಗಾಣಕ್ಕೆ ಹಾಕಿರುತ್ತಾರೆ. ಅದಕ್ಕೇ ಸೊಪ್ಪು ಹಾಕುವ ಮೊದಲು ಖಾಲಿ ಎಣ್ಣೆಯನ್ನು ಒಮ್ಮೆ ಮೂಸಿ ನೋಡಿ. ಇದೊಂದು ಸಣ್ಣ ಕೆಲಸ, ನಾನು ಎಷ್ಟೋ ವರ್ಷ ಮಾಡಿರಲಿಲ್ಲ.

ಹುಳಿ ವಾಸನೆ ಬಂದರೆ ಹಸಿ ಸೊಪ್ಪು ಅಥವಾ ಹೂವು ಎಣ್ಣೆಯೊಳಗೆ ಕೊಳೆತಿದೆ. ಪಕ್ಕದ ಮನೆ ಅಕ್ಕ ಒಂದು ಚೆಂಡು ಶಂಕರಪುರ ಮಲ್ಲಿಗೆಯನ್ನು ಹಾಗೇ ತೆಂಗಿನೆಣ್ಣೆಯಲ್ಲಿ ಮುಳುಗಿಸಿ ಕಿಟಕಿ ಹತ್ತಿರ ಇಟ್ಟಿದ್ದರು, ವಿಡಿಯೋದಲ್ಲಿ ಎರಡು ವಾರ ಬಿಸಿಲಲ್ಲಿ ಇಡಿ ಅಂತ ಹೇಳಿದ್ದರಂತೆ. ಆ ಕ್ರಮ ಒಣಗಿದ ಸೊಪ್ಪಿಗೆ, ಒಣ ಹವೆಗೆ ಸರಿ. ಹಸಿ ಸೊಪ್ಪಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ, ನಮ್ಮ ಸೆಕೆಗೆ ಒಂದು ವಾರದಲ್ಲಿ ಹುಳಿ ಬಂತು. ಹಸಿಯದನ್ನು ಕಾಯಿಸಲೇಬೇಕು. ಕಾಯಿಸಲು ಮನಸ್ಸಿಲ್ಲ ಅಂದರೆ ನೆರಳಲ್ಲಿ ಒಣಗಿಸಿ, ಕೈಯಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಗರಿಗರಿ ಆದ ಮೇಲೆ ಹಾಕಿ. ಪೇಟೆಯಲ್ಲಿ ಕೊಂಡ ಹೂವಾದರೆ ಇನ್ನೊಂದು ಮಾತು. ಅದು ಮುಡಿಯಲು ಬೆಳೆದದ್ದು, ಔಷಧಿ ಹೊಡೆದಿರಬಹುದು, ಮೈಗೆ ಹಚ್ಚುವ ಎಣ್ಣೆಗೆ ಅದು ಬೇಡ.

ಕಮಟು ವಾಸನೆ ಎಲ್ಲರಿಗೂ ಗೊತ್ತು, ಅಲ್ವಾ? ಆದರೆ ಅದರಲ್ಲೂ ಎರಡು ಜಾತಿ ಇದೆ. ಸಾಬೂನಿನ ಹತ್ತಿರ ಹೋಗುವ ಕಮಟು ಆದರೆ ಮತ್ತೆ ನೀರಿನದೇ ಕೆಲಸ, ನೀರು ಸೇರಿ ಎಣ್ಣೆಯ ಕೊಬ್ಬು ಒಡೆದಿರುತ್ತದೆ. ಹಳೆಯ ಪೇಂಟಿನ ಹಾಗೆ, ಹಳಸಿದ ಗೇರುಬೀಜದ ಹಾಗೆ ಮೂಗಿಗೆ ಹೊಡೆದರೆ ಅದು ಗಾಳಿ, ಬೆಳಕು, ಬಿಸಿಯಿಂದ ಆದದ್ದು. ಎಳ್ಳೆಣ್ಣೆ, ಬಾದಾಮಿ ಎಣ್ಣೆ ಬೆರೆಸಿದ್ದರೆ ಇದು ಬೇಗ ಬರುತ್ತದೆ, ತೆಂಗಿನೆಣ್ಣೆ ಒಂದೇ ಆದರೆ ನಿಧಾನ. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆಯಲ್ಲಿ ಇಟ್ಟರೂ ಕಮಟು ಬೇಗ ಹತ್ತುತ್ತದೆ.

ಸೀದ ವಾಸನೆ ಬಂದರೆ ಬೆಂಕಿ ಜಾಸ್ತಿಯಾಗಿದೆ. ಹಸಿರು ಬರಬೇಕಾದ ಎಣ್ಣೆ ಕಂದು ಬಣ್ಣಕ್ಕೆ ತಿರುಗಿದ್ದರೂ ಇದೇ ಕಾರಣ.

ಕಮಟಾದ ಎಣ್ಣೆಯನ್ನು ಮತ್ತೆ ಕಾಯಿಸಿದರೆ, ಕರ್ಪೂರ ಹಾಕಿದರೆ ಸರಿಯಾಗುವುದಿಲ್ಲ. ವಾಸನೆ ಮುಚ್ಚುತ್ತದೆ ಅಷ್ಟೆ, ಮೈಗೆ ಹಚ್ಚಿದರೆ ತುರಿಸಬಹುದು. ಮಗುವಿಗೆ ಕರ್ಪೂರ ಸೇರಿಸಿದ್ದನ್ನು ಹಚ್ಚುವುದು ಹೇಗೂ ಬೇಡ, ಅದು ಮಕ್ಕಳಿಗೆ ವಿಷ. ಅಂಥ ಎಣ್ಣೆಯನ್ನು ನಾನು ಕತ್ತಿಗೆ, ಗೇಟಿನ ತಿರುಗಣೆಗೆ ಹಚ್ಚುತ್ತೇನೆ.

ನೀರು ಹೋಗಿದೆಯಾ ಅಂತ ತಿಳಿಯುವುದು

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಎಣ್ಣೆಯ ಆಯುಸ್ಸು ಇಲ್ಲೇ ತೀರ್ಮಾನವಾಗುತ್ತದೆ.

ಆಯುರ್ವೇದದ ಹಳೆಯ ಲೆಕ್ಕದಲ್ಲಿ ಅರೆದ ಸೊಪ್ಪು 1 ಪಾಲು, ಎಣ್ಣೆ 4 ಪಾಲು, ರಸ ಅಥವಾ ಕಷಾಯ 16 ಪಾಲು. ಅಂದರೆ ಕಾಲು ಲೀಟರ್ ಎಣ್ಣೆಗೆ 60 ಗ್ರಾಂನಷ್ಟು ಅರೆದ ಗರಿಕೆ, ಒಂದು ಲೀಟರ್ ಗರಿಕೆ ರಸ. ಆ ಒಂದು ಲೀಟರ್ ನೀರೂ ಆವಿಯಾಗಿ ಹೋಗಬೇಕು, ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಇಳಿಸಿದರೆ ಕೆಡದೆ ಇನ್ನೇನಾಗುತ್ತದೆ? ಕೇಪಳ ಎಣ್ಣೆಗೆ ನಾನು ಮಾಡಿದ ಮೊದಲ ತಪ್ಪೇ ಇದು. ಮಳೆಯಲ್ಲಿ ನೆನೆದ ಹೂವನ್ನು ಕೊಡವಿ ಹಾಗೇ ಹಾಕಿದ್ದೆ, ಬಣ್ಣ ಚೆಂದ ಬಂತು ಅಂತ ಬೇಗ ಇಳಿಸಿದ್ದೆ.

ಬಣ್ಣ ನೋಡಿ ಇಳಿಸಬೇಡಿ. ಸದ್ದು ಕೇಳಿ. ಮೊದಲು ದೊಡ್ಡ ಗುಳ್ಳೆ, ಗುಳುಗುಳು ಸದ್ದು. ನೀರು ಕಡಿಮೆಯಾದ ಹಾಗೆ ಸದ್ದು ಸಣ್ಣದಾಗಿ ಚಟಚಟ ಅನ್ನುತ್ತದೆ. ಕೊನೆಗೆ ಸದ್ದು ನಿಂತು ಮೇಲೆ ಸಣ್ಣ ನೊರೆ ಏಳುತ್ತದೆ. (ತುಪ್ಪ ಕಾಯಿಸುವಾಗ ಇದಕ್ಕೆ ತಿರುಗುಮುರುಗು, ಅಲ್ಲಿ ನೊರೆ ಅಡಗುವುದು ಗುರುತು.) ಆಗ ಸೌಟಿನಲ್ಲಿ ತಳದ ಸೊಪ್ಪು ಸ್ವಲ್ಪ ತೆಗೆದು ಆರಲು ಬಿಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹೊಸೆಯಿರಿ. ಕೈಗೆ ಮೆತ್ತಿಕೊಂಡರೆ ಇನ್ನೂ ಆಗಿಲ್ಲ. ಮೇಣದ ಹಾಗೆ ಉರುಳಿ ಬತ್ತಿಯಾದರೆ ಹತ್ತಿರ ಬಂದಿದೆ. ಆ ಬತ್ತಿಯನ್ನು ಚಿಮಟದಲ್ಲಿ ಹಿಡಿದು ದೀಪದ ಕುಡಿಗೆ ತಾಗಿಸಿ, ಮುಖ ಸ್ವಲ್ಪ ದೂರ ಇರಲಿ. ಚಟ್ ಚಟ್ ಅಂತ ಸಿಡಿದರೆ ಒಳಗೆ ನೀರಿದೆ. ಸದ್ದಿಲ್ಲದೆ ಹತ್ತಿಕೊಂಡು ಉರಿದರೆ ಮುಗಿಯಿತು. ಅಜ್ಜಿ ಇದನ್ನು ಮಾಡುತ್ತಿದ್ದದ್ದು ನೆನಪಿದೆ, ಆಗ ನಾವು ಮಕ್ಕಳು ಅದನ್ನು ಆಟ ಅಂದುಕೊಂಡಿದ್ದೆವು.

ಮೈಗೆ ಹಚ್ಚುವ ಎಣ್ಣೆಗೆ ಪಾಕ ಇನ್ನೂ ಸ್ವಲ್ಪ ಗಟ್ಟಿ ಬಂದು, ಸೊಪ್ಪು ಮರಳಿನ ಹಾಗೆ ಆದರೂ ನಡೆಯುತ್ತದೆ. ಮಳೆಗಾಲದಲ್ಲಿ ನಾನು ಅಲ್ಲಿಗೇ ನಿಲ್ಲಿಸುವುದು. ಅದರಾಚೆ ಹೋದರೆ ಸೀಯುತ್ತದೆ.

ಈಗಾಗಲೇ ಬಾಟಲಿಗೆ ತುಂಬಿಯಾಗಿದೆ, ಅನುಮಾನ ಬಂದಿದೆ ಅನ್ನುವವರು ಗಾಜಿನ ಬಾಟಲಿಯನ್ನು ಎರಡು ದಿನ ಅಲುಗಾಡಿಸದೆ ಇಟ್ಟು ತಳ ನೋಡಿ. ಮೋಡದಂಥ ಪದರ ಅಥವಾ ಗುಂಡಗಿನ ಹನಿ ಕಂಡರೆ ನೀರು. ಒಂದು ಚಮಚ ತಳದ ಎಣ್ಣೆಯನ್ನು ಬಿಸಿ ಮಾಡಿದರೂ ಸಿಡಿಯುತ್ತದೆ. ವಾಸನೆ ಇನ್ನೂ ಬಂದಿಲ್ಲ ಅಂದರೆ ಆಗಲೇ ಮೇಲಿನ ತಿಳಿ ಎಣ್ಣೆಯನ್ನು ಬಗ್ಗಿಸಿ ಮತ್ತೆ ಕಾಯಿಸಿ, ಉಳಿಯುತ್ತದೆ. ಅರಿಶಿನ ಹಾಕಿದ ಎಣ್ಣೆಯ ತಳದಲ್ಲಿ ಹಳದಿ ಪುಡಿ ಕೂತಿದ್ದರೆ ಹೆದರಬೇಡಿ, ಅದು ಸೋಸದೆ ಉಳಿದ ಅರಿಶಿನ. ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿದರೆ ಆಯಿತು.

ಬಾಟಲಿಯ ತಪ್ಪು

ನನ್ನ ಎರಡನೇ ತಪ್ಪು ಇಲ್ಲಿತ್ತು. ಬಿಸಿ ಎಣ್ಣೆ ಹೊಯ್ದು ತಕ್ಷಣ ಮುಚ್ಚಳ ಬಿಗಿದೆ. ಒಳಗಿನ ಹಬೆ ಮುಚ್ಚಳದಡಿ ನೀರಾಗಿ ಕೂತಿತು, ಬೂಸ್ಟು ಶುರುವಾದದ್ದೂ ಅಲ್ಲೇ. ಪೂರ್ತಿ ಆರುವವರೆಗೆ ಬಾಯಿಗೆ ತೆಳು ಬಟ್ಟೆ ಕಟ್ಟಿಡಿ, ಆಮೇಲೆ ಮುಚ್ಚಿ. ಬಾಟಲಿ ಒಣಗಿಸಲು ಬಿಸಿಲಿಲ್ಲದ ತಿಂಗಳಲ್ಲಿ ಬಚ್ಚಲ ಒಲೆಯ ಹತ್ತಿರ ಬೆಚ್ಚಗಿನ ಜಾಗದಲ್ಲಿ ಕವುಚಿ ಇಡಬಹುದು, ಒಲೆ ಇಲ್ಲದ ಫ್ಲ್ಯಾಟಿನವರು ಫ್ರಿಜ್ಜಿನ ಹಿಂದಿನ ಬೆಚ್ಚನೆ ಗಾಳಿಯಲ್ಲಿ ಇಡಿ. ಸ್ನಾನದ ಕೋಣೆಯಲ್ಲಿ ಎಣ್ಣೆ ಇಡಬೇಡಿ. ದೊಡ್ಡ ಬಾಟಲಿಯಿಂದ ವಾರಕ್ಕೆ ಬೇಕಾದಷ್ಟು ಸಣ್ಣ ಕುಪ್ಪಿಗೆ ತೆಗೆದುಕೊಂಡರೆ, ಒದ್ದೆ ಕೈ ಹಾಕಿದರೂ ಆ ಕುಪ್ಪಿ ಮಾತ್ರ ಹಾಳಾಗುತ್ತದೆ.

ಬೆಳ್ಳಗೆ ಗಟ್ಟಿಯಾಯಿತು, ಕರಗಿ ಹರಿಯಿತು

ಡಿಸೆಂಬರ್ ಬೆಳಿಗ್ಗೆ ಎಣ್ಣೆ ಹಾಲಿನ ಹಾಗೆ ಬೆಳ್ಳಗಾದರೆ ಅದು ದೋಷವೇ ಅಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಚ್ಚಗಿನ ನೀರಲ್ಲಿ ಬಾಟಲಿ ನಿಲ್ಲಿಸಿ, ಸಾಕು.

ಮುಲಾಮಿನದು ಉಲ್ಟಾ ಕಥೆ. ಚಳಿ ದೇಶದವರ ಅಳತೆ ಹಿಡಿದು ಮಾಡಿದ ಮುಲಾಮು ಏಪ್ರಿಲ್‌ನಲ್ಲಿ ಡಬ್ಬಿಯಿಂದ ಹರಿದು ಬರುತ್ತದೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ, ಹಾಗಾಗಿ ಗಟ್ಟಿತನ ಬರುವುದೆಲ್ಲ ಅದರಿಂದಲೇ. ನನಗೆ ಕೂಡಿಬಂದ ಅಳತೆ 100 ಗ್ರಾಂ ಎಣ್ಣೆಗೆ 20 ಗ್ರಾಂ ಮೇಣ, ಬೇಸಗೆಗೆ 25. ಚಮಚದಲ್ಲಿ ಮೇಣ ಅಳೆಯಬೇಡಿ, ತೂಕ ಮಾಡಿ. ಡಬ್ಬಿಗೆ ಹೊಯ್ಯುವ ಮೊದಲು ಒಂದು ಹನಿಯನ್ನು ತಣ್ಣಗಿನ ಸ್ಟೀಲ್ ತಟ್ಟೆ ಮೇಲೆ ಬಿಟ್ಟು, ಗಟ್ಟಿಯಾದ ಮೇಲೆ ಉಗುರಲ್ಲಿ ಕೆರೆದು ನೋಡಿ. ಮೆತ್ತಗಿದ್ದರೆ ಮೇಣ, ಕಲ್ಲಿನಂತಿದ್ದರೆ ಎಣ್ಣೆ ಸೇರಿಸಿ.

ಒಡೆದ ಹಿಮ್ಮಡಿಗೆ ಪುನರ್ಪುಳಿ ಬೀಜದ ತುಪ್ಪ, ಅಂದರೆ ಘಟ್ಟದವರು ಹೇಳುವ ಮುರುಗಲ ತುಪ್ಪ, ಬಹಳ ಒಳ್ಳೆಯದು. ಅದು 40 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ನಮ್ಮ ಬೇಸಗೆಗೂ ನಿಲ್ಲುತ್ತದೆ. ಅದನ್ನು ಹಾಕಿದ ಮುಲಾಮು ರವೆಯ ಹಾಗೆ ಕಾಳುಕಾಳಾದರೆ ನಿಧಾನ ಆರಿದ್ದೇ ಕಾರಣ. ಪೂರ್ತಿ ಕರಗಿಸಿ, ತಣ್ಣೀರ ಮೇಲೆ ಪಾತ್ರೆ ಇಟ್ಟು ಕದಡುತ್ತಾ ಬೇಗ ಆರಿಸಿದರೆ ನುಣ್ಣಗಾಗುತ್ತದೆ.

ಲೋಳೆಸರದ ತೊಂದರೆಗಳು

ಲೋಳೆಸರದ ತಿರುಳು ಹೆಚ್ಚುಕಡಿಮೆ ಪೂರ್ತಿ ನೀರೇ. ಅದನ್ನು ತೆಂಗಿನೆಣ್ಣೆ ಜೊತೆ ಮಿಕ್ಸಿಯಲ್ಲಿ ತಿರುಗಿಸಿ ಕ್ರೀಮ್ ಆಯಿತು ಅಂದುಕೊಂಡರೆ ಮರುದಿನ ಎರಡು ಪದರವಾಗುತ್ತದೆ, ನಾಲ್ಕು ದಿನಕ್ಕೆ ನಾರುತ್ತದೆ. ನೀರು, ಎಣ್ಣೆ ಕೂಡಿಸಿ ಹಿಡಿಯಲು ಬೇರೆ ಪದಾರ್ಥ ಬೇಕು, ಕೆಡದಿರಲು ಇನ್ನೊಂದು ಬೇಕು. ಸುಮ್ನೆ ತಿರುಳನ್ನು ಬೇಕಾದಾಗ ಬೇಕಾದಷ್ಟೇ ತೆಗೆಯಿರಿ, ಉಳಿದದ್ದನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ. ಗಾಳಿ ತಾಗಿ ಗುಲಾಬಿಯೋ ಕಂದೋ ಆದದ್ದನ್ನು ಬಿಸಾಡಿ.

ಹಚ್ಚಿದ ಕೂಡಲೇ ತುರಿಸಿದರೆ ಹಳದಿ ಸೊನೆಯನ್ನು ನೋಡಿ. ಎಲೆ ಕಡಿದಾಗ ಸಿಪ್ಪೆಯ ಅಂಚಿಂದ ಇಳಿಯುವುದು ಅದೇ. ಕಡಿದ ತುದಿ ಕೆಳಗೆ ಮಾಡಿ ಹದಿನೈದು ನಿಮಿಷ ಲೋಟದಲ್ಲಿ ನಿಲ್ಲಿಸಿ, ಪೂರ್ತಿ ಸೋರಿದ ಮೇಲೆ ತೊಳೆದು ಸಿಪ್ಪೆ ತೆಗೆಯಿರಿ.

ಹಚ್ಚಿದ ಮೇಲೆ ಉರಿ, ತುರಿಕೆ, ಕಲೆ

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ಹೊತ್ತಿಗೆ ಶುರುವಾಯಿತು?

ನಿಮಿಷದೊಳಗೆ ಉರಿದರೆ ಪದಾರ್ಥವೇ ಖಾರ. ಹಸಿ ಬೆಳ್ಳುಳ್ಳಿ ಕಟ್ಟಿದರೆ ಚರ್ಮ ಸುಟ್ಟು ಗುಳ್ಳೆಯೇ ಏಳುತ್ತದೆ, ಅದನ್ನು ಯಾರು ಹೇಳಿದರೂ ಮಾಡಬೇಡಿ. ಖಾರದ್ದೇನೂ ಹಾಕದೆ ಉರಿದರೆ ಪಾತ್ರೆ ನೋಡಿ. ಅತ್ತಿಗೆ ಒಮ್ಮೆ ದಾಸವಾಳದ ಎಲೆ ಅರೆದು ಮುಖಕ್ಕೆ ಹಚ್ಚಿ ಕಣ್ಣು ಬಿಡಲಾರದೆ ಒದ್ದಾಡಿದರು. ದಾಸವಾಳ ಉರಿಯುವುದುಂಟಾ ಮಾರಾಯ್ರೆ? ಮಿಕ್ಸಿ ಜಾರಿನ ಬ್ಲೇಡಿನಡಿ ಬೆರಳು ತಿರುವಿದೆ, ಬೆರಳ ತುದಿ ಕೆಂಪಾಗಿ ಬಂತು. ಹಿಂದಿನ ದಿನ ಕೋಳಿ ಗಸಿಗೆ ಮೆಣಸು ಅರೆದ ಜಾರು ಅದು. ಮೆಣಸಿನ ಖಾರ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಉರಿ ಬಂದರೆ ಮೊದಲು ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನು ಹಾಕಿ. ಮದ್ದಿಗೆ ಬೇರೆ ಜಾರು, ಇಲ್ಲವೇ ಸಣ್ಣ ಕಲ್ಲು ಇಟ್ಟುಕೊಳ್ಳಿ.

ಒಂದೆರಡು ದಿನ ಬಿಟ್ಟು ತುರಿಕೆ, ಕೆಂಪು, ನೀರ್ಗುಳ್ಳೆ ಬಂದರೆ ಅಲರ್ಜಿ. ಗಿಡದ್ದು ಅಂದ ಮಾತ್ರಕ್ಕೆ ಅಲರ್ಜಿ ಆಗುವುದಿಲ್ಲ ಅಂತಿಲ್ಲ. ಹೊಸ ಮದ್ದನ್ನು ಮೊಣಕೈ ಒಳಭಾಗದಲ್ಲಿ ಸಣ್ಣ ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಮಾವಿನ ಸೊನೆ ತಾಗಿದರೆ ಬಾಯಿ ಸುತ್ತ ಹುಣ್ಣಾಗುವವರು ಗೇರಿನ ಬಗ್ಗೆ ಜಾಸ್ತಿ ಎಚ್ಚರ ಇರಬೇಕು, ಎರಡೂ ಒಂದೇ ಕುಟುಂಬದ ಮರ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಕಾಲೊಡಕಿಗೆ ಹಚ್ಚುವ ಪದ್ಧತಿ ನಮ್ಮ ಕಡೆ ಇತ್ತು. ಅದು ಚರ್ಮವನ್ನು ಸುಡುವ ಎಣ್ಣೆ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ದಯವಿಟ್ಟು ಹಚ್ಚಬೇಡಿ.

ಬಿಸಿಲಿಗೆ ಹೋಗಿ ಬಂದ ಮೇಲೆ ಕಲೆ ಎದ್ದರೆ ಲಿಂಬೆ. ಮಲ್ಪೆ ಬೀಚಿನಲ್ಲಿ ಕೂತು ಶರಬತ್ತಿಗೆ ಲಿಂಬೆ ಹಿಂಡಿದ ತಂಗಿಯ ಕೈಮೇಲೆ ಎರಡು ದಿನ ಬಿಟ್ಟು ರಸ ಹರಿದ ಗೆರೆಯೇ ಕಂದಾಗಿ ಮೂಡಿತು, ಹೋಗಲು ತಿಂಗಳುಗಳೇ ಬೇಕಾದವು. ಲಿಂಬೆಯಲ್ಲಿರುವ ಒಂದು ಅಂಶ ಬಿಸಿಲಿನ ಜೊತೆ ಸೇರಿ ಚರ್ಮ ಸುಡುತ್ತದೆ. ಮುಖ ಬೆಳ್ಳಗಾಗಲಿ ಅಂತ ಲಿಂಬೆ ತಿಕ್ಕುವವರಿಗೆ ಆಗುವುದು ಇದೇ.

ಅರಿಶಿನ ಹಚ್ಚಿ ಸಾಬೂನು ಹಾಕಿದಾಗ ನೊರೆ ಕೆಂಪಾದರೆ ಗಾಬರಿ ಬೇಡ. ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮ ಆಗುತ್ತದಲ್ಲ, ಅದೇ ಗುಣ.

ಸೊಪ್ಪೇ ಬೇರೆ ಆಗಿದ್ದರೆ

ನಮ್ಮ ಕಡೆ ಬೇವಿನ ಸೊಪ್ಪು ಅಂದರೆ ಒಗ್ಗರಣೆಗೆ ಹಾಕುವ ಕರಿಬೇವು, ಮದ್ದಿನದ್ದು ಕಹಿಬೇವು. ಘಟ್ಟದ ಮೇಲಿನವರು ಬೇವು ಅಂತ ಬರೆದದ್ದನ್ನು ಓದಿ ಕರಿಬೇವಿನ ಎಣ್ಣೆ ಕಾಯಿಸಿ ತುರಿಕೆಗೆ ಹಚ್ಚಿದವರನ್ನು ನೋಡಿದ್ದೇನೆ. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ, ಕಷಾಯ ಕುಡಿಯಲೆಂದು ನಸುಕಿನಲ್ಲಿ ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತೆಗೆಯುವವರು ಕತ್ತಲಲ್ಲಿ ಮರ ತಪ್ಪಬಾರದು ಅಂತ ಹಗಲಲ್ಲೇ ಗುರುತು ಮಾಡಿ ಬರುತ್ತಾರೆ. ಹಚ್ಚುವ ಸೊಪ್ಪಿಗೂ ಅಷ್ಟೇ ಜಾಗ್ರತೆ ಇರಲಿ. ಅನುಮಾನ ಇದ್ದರೆ ಮಂಗಳೂರಿನವರು ಪಿಲಿಕುಳದ ಔಷಧಿ ವನಕ್ಕೆ ಹೋಗಿ ಗಿಡ ನೋಡಿ ಬನ್ನಿ, ಉಡುಪಿಯವರಿಗೆ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜೇ ಇದೆ.

ಎಣ್ಣೆ ಸರಿ ಇದೆ, ಆದರೂ ಗುಣ ಕಾಣುತ್ತಿಲ್ಲ

ಹಾಗಾದರೆ ದೋಷ ಎಣ್ಣೆಯದ್ದಲ್ಲ, ಕಾಯಿಲೆ ಗುರುತಿಸಿದ್ದರಲ್ಲಿ. ಬೆನ್ನು, ಎದೆ ಮೇಲೆ ಬರುವ ಚಿಬ್ಬು ನಮ್ಮ ಬೆವರಿನ ಊರಲ್ಲಿ ಸಾಮಾನ್ಯ. ಅದು ಒಂದು ಬಗೆಯ ಶಿಲೀಂಧ್ರ, ಎಣ್ಣೆಯಲ್ಲಿರುವ ಕೊಬ್ಬೇ ಅದಕ್ಕೆ ಆಹಾರ. ಹಚ್ಚಿದಷ್ಟೂ ಹಬ್ಬಬಹುದು. ತಲೆಹೊಟ್ಟಿಗೂ ಇದೇ ಮಾತು. ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಎರಡು ಮೂರು ವಾರದಲ್ಲಿ ಮೊಡವೆ ಜಾಸ್ತಿಯಾದರೆ ರಂಧ್ರ ಕಟ್ಟಿದೆ ಅಂತ ಅರ್ಥ, ನಿಲ್ಲಿಸಿ.

ಉಂಗುರದ ಹಾಗೆ ಅಂಚು ಕೆಂಪಾಗಿ ಹಬ್ಬುವ ಹುಳುಕಡ್ಡಿ ಅಥವಾ ಗಜಕರ್ಣಕ್ಕೆ ಮನೆಯೆಣ್ಣೆ ಹಚ್ಚುತ್ತಾ ದಿನ ಕಳೆಯಬೇಡಿ, ಮನೆಮಂದಿಗೆಲ್ಲ ಹಬ್ಬುತ್ತದೆ. ಮೆಡಿಕಲ್‌ನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಕ್ರೀಮು ಕೂಡ ಬೇಡ, ನಾಲ್ಕು ದಿನ ತುರಿಕೆ ನಿಂತ ಹಾಗೆ ಕಂಡು ಆಮೇಲೆ ಹಠ ಹಿಡಿಯುತ್ತದೆ. ಬಿಳಿಚಿದ ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಅದು ಕುಷ್ಠವಿರಬಹುದು. ಬೇಗ ಹಿಡಿದರೆ ಪೂರ್ತಿ ಗುಣವಾಗುತ್ತದೆ, ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ. ಕೆಂಪು ಹಬ್ಬುತ್ತಾ ಜ್ವರ ಬಂದರೂ, ಕೀವು ತುಂಬಿದರೂ ಕಾಯಬೇಡಿ.

ಹೋಗುವಾಗ ಹಚ್ಚಿದ ಎಣ್ಣೆಯ ಬಾಟಲಿ ತೆಗೆದುಕೊಂಡು ಹೋಗಿ, ಸಾಧ್ಯವಾದರೆ ಆ ಗಿಡದ ಎಲೆ ಇರುವ ಒಂದು ಗೆಲ್ಲನ್ನೂ. ಏನು ಹಚ್ಚಿದ್ದು, ಎಷ್ಟು ದಿನ, ಯಾವಾಗ ಕೆಂಪಾಯಿತು ಅಂತ ಡಾಕ್ಟರು ಕೇಳಿಯೇ ಕೇಳುತ್ತಾರೆ. ನಾನೀಗ ಪ್ರತಿ ಬಾಟಲಿಗೂ ಕಾಗದದ ಚೀಟಿ ಅಂಟಿಸುತ್ತೇನೆ: ಸೊಪ್ಪು, ಎಣ್ಣೆ, ಕಾಯಿಸಿದ ತಾರೀಕು, ಬತ್ತಿ ಸಿಡಿಯಿತೋ ಇಲ್ಲವೋ.